ಕುದುರೆಯ ಕಾಲು ನೊಂದಾಗ

ಮಕ್ಕಳೇ, ಓದುವ ಮೊದಲು ಒಂದು ಚಿಕ್ಕ ಕೆಲಸ ಮಾಡಿ. ಎದ್ದು ನಿಂತು ಬಲಗಾಲನ್ನು ಮೇಲಕ್ಕೆತ್ತಿ. ಗೋಡೆಯನ್ನಾಗಲಿ ಬೆಂಚನ್ನಾಗಲಿ ಹಿಡಿಯಬೇಡಿ. ಗಡಿಯಾರ ನೋಡಲು ಗೆಳೆಯನಿಗೋ ಗೆಳತಿಗೋ ಹೇಳಿ. ಎಷ್ಟು ಹೊತ್ತು ನಿಂತಿರಿ? ಸ್ವಲ್ಪ ಹೊತ್ತಿಗೇ ಎಡಗಾಲಿನ ಮೀನಖಂಡ ಬಿಗಿಯುತ್ತದೆ, ಪಾದ ಅತ್ತಿತ್ತ ಅಲುಗಾಡುತ್ತದೆ. ಎತ್ತಿದ ಕಾಲು ಆರಾಮವಾಗಿದೆ, ನೋಯುತ್ತಿರುವುದು ನೆಲದ ಮೇಲಿರುವ ಕಾಲು! ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಶಿವಮೊಗ್ಗದ ಸವಳಂಗ ರಸ್ತೆ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ನವುಲೆಯ ಕಡೆಗೆ ಹೋಗುವ ಈ ರಸ್ತೆಯಲ್ಲಿ ಬಸ್ಸು, ಲಾರಿ, ಬೈಕುಗಳ ಸದ್ದು ನಿಲ್ಲುವುದೇ ಅಪರೂಪ. ಅಲ್ಲೊಂದು ಮದುವೆ ಮೆರವಣಿಗೆ ಹೊರಟಿದೆ ಎಂದುಕೊಳ್ಳೋಣ. ಸಾರೋಟಿಗೆ ಕಟ್ಟಿದ ಕುದುರೆ ಪಟಾಕಿಯ ಸದ್ದಿಗೆ ಬೆದರುತ್ತದೆ. ಡಾಂಬರಿನ ಮೇಲೆ ಲಾಳ ಜಾರಿ ಬೀಳುತ್ತದೆ. ಹೇಗೋ ಎದ್ದು ನಿಂತರೂ ಒಂದು ಮುಂಗಾಲನ್ನು ನೆಲಕ್ಕೆ ಊರುತ್ತಿಲ್ಲ. ಜನ ಸುತ್ತ ಸೇರುತ್ತಾರೆ. ಒಬ್ಬರು ಮುಖಕ್ಕೆ ನೀರು ಎರಚುತ್ತಾರೆ, ಇನ್ನೊಬ್ಬರು ಹಿಂದಿನಿಂದ ಬಂದು ತಟ್ಟುತ್ತಾರೆ, ಎಲ್ಲರೂ ಒಟ್ಟಿಗೆ ಕೂಗಿ ಮಾತಾಡುತ್ತಾರೆ. ಸಹಾಯ ಮಾಡುವ ಮನಸ್ಸೇ ಎಲ್ಲರದೂ. ಆದರೂ ಕುದುರೆಯ ಗಾಬರಿ ಹೆಚ್ಚುತ್ತಲೇ ಹೋಗುತ್ತದೆ. ಏಕೆ?

ಕುದುರೆಗೆ ಕೊಂಬಿಲ್ಲ, ಕೋರೆಹಲ್ಲಿನ ಬಲವೂ ಇಲ್ಲ. ಅದರ ಪೂರ್ವಜರು ಹುಲ್ಲುಗಾವಲಿನಲ್ಲಿ ಬದುಕಿ ಉಳಿದದ್ದು ಓಡಿಯೇ. ಅಪಾಯ ಕಂಡರೆ ಮೊದಲು ಓಟ, ಆಮೇಲೆ ಯೋಚನೆ! ಅದರ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿವೆ. ಆದ್ದರಿಂದ ತಲೆ ತಿರುಗಿಸದೆಯೇ ಸುಮಾರು 350 ಡಿಗ್ರಿಯಷ್ಟು ಸುತ್ತಲೂ ನೋಡಬಲ್ಲದು. ಕಾಣದಿರುವುದು ಎರಡೇ ಜಾಗ: ಬಾಲದ ನೇರ ಹಿಂದೆ ಮತ್ತು ಹಣೆಯ ನೇರ ಮುಂದೆ. ನಮ್ಮವರು ಅಕ್ಕರೆಯಿಂದ ಹೋಗಿ ನಿಲ್ಲುವುದು ಬಹಳ ಸಲ ಈ ಎರಡು ಜಾಗಗಳಲ್ಲೇ. ಕಾಣದ ಕಡೆಯಿಂದ ಕೈ ತಗುಲಿದರೆ ಅದು ಒದೆಯುತ್ತದೆ. ಅದು ದುಷ್ಟ ಕುದುರೆ ಎಂದಲ್ಲ, ಹೆದರಿದೆ ಅಷ್ಟೇ.

ಓಡಲಾಗದ ಕುದುರೆಗೆ ಭಯ ಇನ್ನೂ ಹೆಚ್ಚು. ಅದು ಒದ್ದಾಡಿದಂತೆಲ್ಲ ಚಿಕ್ಕ ಬಿರುಕು ದೊಡ್ಡ ಮುರಿತವಾಗಬಹುದು. ಆದ್ದರಿಂದ ನೀವು ಅಲ್ಲಿದ್ದರೆ ಹತ್ತಿರ ಹೋಗಬೇಡಿ. ದೊಡ್ಡವರಿಗೆ ಹೇಳಿ ಜನರನ್ನು ಹಿಂದೆ ಸರಿಸಿ, ವಾದ್ಯ ಮತ್ತು ಹಾರ್ನ್ ನಿಲ್ಲಿಸಲು ಕೇಳಿಕೊಳ್ಳಿ. ಕುದುರೆಗೆ ಪರಿಚಯವಿರುವ ಒಬ್ಬರು ಮಾತ್ರ ಅದರ ಹೆಗಲ ಪಕ್ಕದಲ್ಲಿ ನಿಂತು ಮೆಲ್ಲಗೆ ಮಾತಾಡುತ್ತಿರಲಿ. ದೊಡ್ಡವರು ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಲಿ. ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಗಾಯ ಸಣ್ಣದಾಗಿ ಕಂಡರೂ ವೈದ್ಯರಿಗೆ ತೋರಿಸಲೇಬೇಕು. ಧನುರ್ವಾಯು ಕುದುರೆಗಳಿಗೆ ಬಹಳ ಸುಲಭವಾಗಿ ತಗಲುವ ರೋಗ. ನಿಮಗೆ ಶಾಲೆಯಲ್ಲಿ ಧನುರ್ವಾಯು ತಡೆಯುವ ಚುಚ್ಚುಮದ್ದು ಕೊಡುತ್ತಾರಲ್ಲ, ಹಾಗೆಯೇ ಕುದುರೆಗೂ ಕೊಡಿಸಬೇಕು.

ಕಾಲು ಮುರಿದ ಮನುಷ್ಯ ಮಂಚದಲ್ಲಿ ಮಲಗುತ್ತಾನೆ. ಕುದುರೆಯನ್ನೂ ಮಲಗಿಸಿದರಾಯಿತಲ್ಲ ಎನ್ನುತ್ತೀರಾ? ಅದು ಆಗದ ಮಾತು. ಕುದುರೆ ದಿನದಲ್ಲಿ ಮಲಗುವುದು ಸ್ವಲ್ಪ ಹೊತ್ತು ಮಾತ್ರ, ಉಳಿದಂತೆ ನಿಂತೇ ತೂಕಡಿಸುತ್ತದೆ. ನಾಲ್ಕೈದು ನೂರು ಕಿಲೋ ತೂಕದ ದೇಹ ಬಹಳ ಹೊತ್ತು ಒಂದೇ ಮಗ್ಗುಲಲ್ಲಿ ಬಿದ್ದರೆ ಅಡಿಯ ಸ್ನಾಯುಗಳು, ಶ್ವಾಸಕೋಶ ಎಲ್ಲಕ್ಕೂ ತೊಂದರೆ. ಹಾಗಾಗಿ ನಿಂತೇ ಗುಣವಾಗಬೇಕು. ಈಗ ನಿಮ್ಮ ಒಂಟಿಕಾಲಿನ ಪ್ರಯೋಗ ನೆನಪಿಸಿಕೊಳ್ಳಿ!

ಕುದುರೆಯ ಗೊರಸು ನಿಜವಾಗಿ ಒಂದು ಉಗುರು. ಪ್ರತಿ ಕಾಲಿನ ನಡುಬೆರಳೊಂದೇ ಉಳಿದು, ಅದರ ಉಗುರು ದಪ್ಪವಾಗಿ ಬೆಳೆದು ಗೊರಸಾಗಿದೆ. ಕುದುರೆ ಹೆಜ್ಜೆ ಊರಿ ಎತ್ತಿದಾಗಲೆಲ್ಲ ಗೊರಸಿನೊಳಗಿನ ರಕ್ತ ಪಂಪಿನಂತೆ ಒತ್ತಲ್ಪಟ್ಟು ಮೇಲೇರುತ್ತದೆ. ನೊಂದ ಕಾಲನ್ನು ಎತ್ತಿಕೊಂಡು ಇನ್ನೊಂದರ ಮೇಲೇ ಭಾರ ಹಾಕಿ ನಿಂತರೆ ಆ ಗೊರಸಿನಲ್ಲಿ ರಕ್ತದ ಓಡಾಟ ಕೆಡುತ್ತದೆ. ಉಗುರನ್ನೂ ಒಳಗಿನ ಮೂಳೆಯನ್ನೂ ಹಿಡಿದಿಟ್ಟ ಪದರ ಊದಿಕೊಂಡು ಬಿಡಿಸಿಕೊಳ್ಳತೊಡಗುತ್ತದೆ. ಬೆರಳಿನ ಉಗುರು ಸ್ವಲ್ಪ ಕಿತ್ತರೂ ನಮಗೆಷ್ಟು ನೋವು! ಈ ರೋಗಕ್ಕೆ ಲ್ಯಾಮಿನೈಟಿಸ್ ಎಂದು ಹೆಸರು.

ಅಮೆರಿಕದ ಬಾರ್ಬರೋ ಎಂಬ ಕುದುರೆಗೆ ಆದದ್ದು ಇದೇ. 2006ರ ಮೇ ತಿಂಗಳಲ್ಲಿ ದೊಡ್ಡ ಪಂದ್ಯವೊಂದನ್ನು ಗೆದ್ದ ಎರಡೇ ವಾರಕ್ಕೆ, ಇನ್ನೊಂದು ಪಂದ್ಯದಲ್ಲಿ ಅದರ ಬಲ ಹಿಂಗಾಲಿನ ಮೂಳೆಗಳು ಚೂರುಚೂರಾದವು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶು ಆಸ್ಪತ್ರೆಯ ವೈದ್ಯರು ಲೋಹದ ಪಟ್ಟಿ ಮತ್ತು 27 ಸ್ಕ್ರೂಗಳಿಂದ ಮೂಳೆ ಜೋಡಿಸಿದರು. ಆಮೇಲೆ ಮಾಡಿದ ಕೆಲಸ ಇನ್ನೂ ಸ್ವಾರಸ್ಯದ್ದು. ಅರಿವಳಿಕೆಯಿಂದ ಎಚ್ಚರವಾಗುವ ಕುದುರೆ ಗಾಬರಿಯಿಂದ ಜಿಗಿದೆದ್ದು ಜೋಡಿಸಿದ ಕಾಲನ್ನೇ ಮುರಿದುಕೊಳ್ಳಬಹುದು. ಅದಕ್ಕಾಗಿ ಬಾರ್ಬರೋವನ್ನು ರಬ್ಬರಿನ ತೆಪ್ಪದಲ್ಲಿಟ್ಟು ಬೆಚ್ಚಗಿನ ನೀರಿನ ಕೊಳಕ್ಕೆ ಇಳಿಸಿದರು. ನೀರಿನಲ್ಲಿ ಕಾಲು ಬಡಿದರೂ ಏಟಿಲ್ಲ! ಆದರೆ ಜುಲೈಯಲ್ಲಿ ಎಡ ಹಿಂಗಾಲಿಗೆ, ಅಂದರೆ ಗಾಯವೇ ಆಗದಿದ್ದ ಕಾಲಿಗೆ, ಲ್ಯಾಮಿನೈಟಿಸ್ ಬಂತು. ತಿಂಗಳುಗಟ್ಟಲೆ ಪ್ರಯತ್ನಿಸಿದರು. ನೋವು ತಡೆಯಲಾಗದ ಹಂತ ತಲುಪಿದಾಗ, 2007ರ ಜನವರಿ 29ರಂದು, ಅದಕ್ಕೆ ನೋವಿಲ್ಲದ ಸಾವು ಕೊಡಬೇಕಾಯಿತು. ಅದಕ್ಕೇ ವೈದ್ಯರು ನೊಂದ ಕಾಲಿನ ಜೊತೆಗೆ ಚೆನ್ನಾಗಿರುವ ಕಾಲನ್ನೂ ದಿನವೂ ಮುಟ್ಟಿ ನೋಡುವುದು. ಗೊರಸು ಬಿಸಿಯಾಗಿದ್ದರೆ ಅಪಾಯದ ಸೂಚನೆ.

ಎಲ್ಲ ಗಾಯವೂ ಇಷ್ಟು ಕೆಟ್ಟದ್ದಲ್ಲ. ಸ್ನಾಯುರಜ್ಜು ನೊಂದ ಎಷ್ಟೋ ಕುದುರೆಗಳು ಮತ್ತೆ ಓಡಾಡುತ್ತವೆ. ಬೇಕಾದದ್ದು ತಿಂಗಳುಗಟ್ಟಲೆ ತಾಳ್ಮೆ. ಸುಮಾರು 12 ಅಡಿ ಚೌಕದ ಲಾಯ, ಕೆಳಗೆ ದಪ್ಪವಾಗಿ ಹರಡಿದ ಮರದ ಹೊಟ್ಟು ಅಥವಾ ಹುಲ್ಲು. ದಿನವೆಲ್ಲ ಅಲ್ಲೇ ಇರುವ ಕುದುರೆಗೆ ಬೇಸರವೇ ದೊಡ್ಡ ಶತ್ರು. ಬೇಸರವಾದರೆ ಬಾಗಿಲು ಕಡಿಯುತ್ತದೆ, ಅತ್ತಿತ್ತ ತೂಗುತ್ತದೆ, ಗೋಡೆಗೆ ಒದೆಯುತ್ತದೆ. ಅದರ ಹೊಟ್ಟೆ ಚಿಕ್ಕದು, ದಿನದ ಬಹುಪಾಲು ಮೇಯುತ್ತಲೇ ಇರಲು ಆದದ್ದು. ಹೊಟ್ಟೆ ಖಾಲಿ ಬಿಟ್ಟರೆ ಆಮ್ಲದಿಂದ ಹುಣ್ಣಾಗುತ್ತದೆ. ಹಾಗೆಂದು ಪಾಪ ಎಂದು ಹುರುಳಿ, ಕಡಲೆ ಹೆಚ್ಚು ಹಾಕಬಾರದು. ಕೆಲಸವಿಲ್ಲದ ಕುದುರೆಗೆ ಅಷ್ಟು ಶಕ್ತಿ ಸಿಕ್ಕರೆ ಕುಣಿಯುತ್ತದೆ, ಗೊರಸಿನ ರೋಗವೂ ಬರಬಹುದು. ಒಣಹುಲ್ಲನ್ನು ಸಣ್ಣ ಕಣ್ಣಿನ ಬಲೆಯಲ್ಲಿ ತುಂಬಿ ಕಟ್ಟಿದರೆ ಎಳೆಎಳೆಯಾಗಿ ಕಿತ್ತು ತಿನ್ನುತ್ತಾ ಹೊತ್ತು ಕಳೆಯುತ್ತದೆ.

ಒಂಟಿಯಾಗಿ ಬಿಡುವುದಂತೂ ತಪ್ಪು. ಇನ್ನೊಂದು ಕುದುರೆ ಕಣ್ಣಿಗೆ ಬೀಳುವಂತಿರಬೇಕು. ಅದಿಲ್ಲದಿದ್ದರೆ ಒಂದು ಆಡನ್ನು ಜೊತೆಗೆ ಕಟ್ಟಿದರೂ ನಡೆಯುತ್ತದೆ! ಕುದುರೆಗಳು ಒಂದರ ಕತ್ತಿನ ಬುಡವನ್ನು ಇನ್ನೊಂದು ಹಲ್ಲಿನಿಂದ ಕೆರೆಯುವುದನ್ನು ನೋಡಿದ್ದೀರಾ? ಕತ್ತು ಬೆನ್ನು ಸೇರುವ ಆ ಜಾಗವನ್ನು ನೋಡಿಕೊಳ್ಳುವವರು ಕೈಯಿಂದ ಕೆರೆದರೂ ಕುದುರೆಯ ಎದೆಬಡಿತ ಇಳಿಯುತ್ತದೆ. ಇದನ್ನು ಎಣಿಸಿ ನೋಡಬಹುದು. ವೈದ್ಯರು ಕೆಳದವಡೆಯ ಅಡಿ ಬೆರಳಿಟ್ಟು 15 ಸೆಕೆಂಡು ನಾಡಿ ಎಣಿಸಿ 4ರಿಂದ ಗುಣಿಸುತ್ತಾರೆ. ಆರಾಮವಾಗಿರುವ ಕುದುರೆಗೆ ನಿಮಿಷಕ್ಕೆ 28ರಿಂದ 44. ನಿಮ್ಮ ಮಣಿಕಟ್ಟಿನ ನಾಡಿಯನ್ನು ಎಣಿಸಿ ಹೋಲಿಸಿ. ಸುಮ್ಮನೆ ನಿಂತ ಕುದುರೆಯಲ್ಲಿ ಲೆಕ್ಕ 60 ದಾಟಿದ್ದರೆ ನೋವೋ ಭಯವೋ ಇದೆ ಎಂದು ಅನುಮಾನಿಸಬೇಕು.

ಲಾಯದಲ್ಲಿ ಪೂರ್ತಿ ನಿಶ್ಶಬ್ದ ಇರಬೇಕು ಎಂದು ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನಿಶ್ಶಬ್ದದಲ್ಲಿ ತಟ್ಟೆ ಬಿದ್ದರೂ ಗುಡುಗಿನಂತೆ ಕೇಳುತ್ತದೆ. ಮೈಸೂರಿನಲ್ಲಿ ದಸರೆಗೆ ಮೊದಲು ಆನೆಗಳಿಗೂ ಪೊಲೀಸ್ ಅಶ್ವದಳದ ಕುದುರೆಗಳಿಗೂ ಕುಶಾಲತೋಪಿನ ಸದ್ದು ಕೇಳಿಸಿ ತಾಲೀಮು ಕೊಡುತ್ತಾರೆ. ಮತ್ತೆ ಮತ್ತೆ ಕೇಳಿ ಏನೂ ಕೆಡುಕಾಗದಿದ್ದರೆ ಭಯ ಕಡಿಮೆಯಾಗುತ್ತದೆ. ಗಾಯಗೊಂಡ ಕುದುರೆಗೆ ತೋಪು ಬೇಡ! ಬಕೆಟ್ಟು, ಪೊರಕೆ, ಮಾತುಕತೆಯ ದಿನನಿತ್ಯದ ಸದ್ದು ಸಾಕು. ಮೇವು, ನೀರು, ಪಟ್ಟಿ ಬದಲಿಸುವುದು ಎಲ್ಲವೂ ದಿನವೂ ಅದೇ ಹೊತ್ತಿಗೆ, ಅದೇ ಕೈಯಿಂದ ಆಗಲಿ.

ವೈದ್ಯರು ಒಪ್ಪಿದ ಮೇಲೆ ಹಗ್ಗ ಹಿಡಿದು ನಡೆಸುವುದು ಶುರು. ಮೊದಲು ಐದು ನಿಮಿಷ, ಗಟ್ಟಿಯಾದ ಸಮ ನೆಲದಲ್ಲಿ, ನೇರ ದಾರಿಯಲ್ಲಿ. ವಾರವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚು. ತುಂಬ ಎಚ್ಚರ ಬೇಕಾದದ್ದು ಹಗ್ಗ ಬಿಚ್ಚಿ ಬಿಡುವ ದಿನ. ತಿಂಗಳುಗಟ್ಟಲೆ ಕಟ್ಟಿಹಾಕಿದ ಓಟವೆಲ್ಲ ಅಂದು ಒಮ್ಮೆಗೇ ಹೊರಬರುತ್ತದೆ. ಆದ್ದರಿಂದ ಹೊಟ್ಟೆ ತುಂಬ ಹುಲ್ಲು ತಿನ್ನಿಸಿ, ಗಾಳಿ ಮಳೆ ಇಲ್ಲದ ದಿನ ನೋಡಿ, ಚಿಕ್ಕ ಬೇಲಿಯೊಳಗೆ, ಸಾಧು ಸ್ವಭಾವದ ಜೊತೆಗಾರನನ್ನು ಪಕ್ಕದಲ್ಲಿಟ್ಟು ಬಿಡುತ್ತಾರೆ. ಅದು ಒಂದೆರಡು ಸಲ ಮೂಸಿ, ತಲೆ ತಗ್ಗಿಸಿ ಮೇಯತೊಡಗಿದರೆ ನೋಡಿಕೊಂಡವರು ಉಸಿರು ಬಿಡುತ್ತಾರೆ.