ಹೈ-ಪವರ್‌ಗೆ ಹಾಕಿದ ಹಣ

ಬ್ರೌನಿಂಗ್ ಕಂಪನಿ ತನ್ನ ಹೈ-ಪವರ್ ಪಿಸ್ತೂಲಿನ ತಯಾರಿಕೆ ನಿಂತಿತೆಂದು 2018ರಲ್ಲಿ ತಿಳಿಸಿದಾಗ, ಟೆಕ್ಸಾಸಿನ ನಮ್ಮ ಶೂಟಿಂಗ್ ರೇಂಜಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಈಗಲೇ ಒಂದನ್ನು ಕೊಂಡಿಟ್ಟುಬಿಡು, ನಾಳೆ ಚಿನ್ನದ ಬೆಲೆ ಬರುತ್ತದೆ. ನಾನೂ ಕೊಂಡೆ. ಆದರೆ ಕಪಾಟಿನಲ್ಲಿಟ್ಟು ಬೆಲೆ ಏರುವುದನ್ನು ಕಾಯಲು ಅಲ್ಲ, ಗುಂಡು ಹೊಡೆಯಲು. ಕೂಡಿಡುವ ಪಿಸ್ತೂಲು ಬೇರೆ, ಬಳಸುವ ಪಿಸ್ತೂಲು ಬೇರೆ. ಎರಡರ ಲೆಕ್ಕವನ್ನೂ ಒಂದೇ ಪುಸ್ತಕದಲ್ಲಿ ಬರೆಯಲು ಹೋದವರ ಹಣ ಸೋರಿಹೋಗುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಇದೇ ಪಿಸ್ತೂಲು ಏಕೆ ಎಂದು ಗೆಳೆಯರು ಕೇಳುತ್ತಾರೆ. ಕೊಡಗಿನಲ್ಲಿ ಬೆಳೆದವನು ನಾನು. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗಳನ್ನು ಸಾಲಾಗಿಟ್ಟು, ನಳಿಗೆಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜಿಸುವ ಮನೆಗಳ ನಡುವೆ ದೊಡ್ಡವನಾದವನಿಗೆ ಆಯುಧವೆಂದರೆ ಮೊದಲು ಮರ್ಯಾದೆ, ಆಮೇಲೆ ಉಳಿದದ್ದು. ನಮ್ಮೂರಿನ ನಿವೃತ್ತ ಸೇನಾಧಿಕಾರಿಗಳು ಮಾತಿಗೆ ಕೂತರೆ ನೈನ್ ಎಂಎಂ ಪಿಸ್ತೂಲಿನ ಪ್ರಸ್ತಾಪ ಬಂದೇ ಬರುತ್ತಿತ್ತು. ಇಶಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾಗುವ ಆ ಪಿಸ್ತೂಲು ಈ ಹೈ-ಪವರ್‌ನ ವಿನ್ಯಾಸವೇ. ಎರಡನೇ ಮಹಾಯುದ್ಧದಲ್ಲಿ ಕೆನಡಾದ ಇಂಗ್ಲಿಸ್ ಕಂಪನಿ ತಯಾರಿಸಿದ ಮಾದರಿಯ ಮೂಲಕ ಅದು ನಮ್ಮ ಸೇನೆಯನ್ನು ತಲುಪಿತು. ಮೂಲ ವಿನ್ಯಾಸ ಜಾನ್ ಮೋಸೆಸ್ ಬ್ರೌನಿಂಗ್ ಅವರದು. ಅವರು 1926ರಲ್ಲಿ ಬೆಲ್ಜಿಯಂನಲ್ಲಿ ತೀರಿಕೊಂಡ ಮೇಲೆ ಅಲ್ಲಿನ ಎಫ್‌ಎನ್ ಕಾರ್ಖಾನೆಯ ದ್ಯೂದೊನೆ ಸೈವ್ ಅದನ್ನು ಪೂರ್ಣಗೊಳಿಸಿದರು. 1935ರಲ್ಲಿ ಅದು ಹೊರಬಂದಾಗ ಒಂದೇ ಮ್ಯಾಗಜೀನಿನಲ್ಲಿ 13 ಗುಂಡು ಹಿಡಿಯುವುದು ದೊಡ್ಡ ಸಂಗತಿ. ಹಿಡಿ ಮಾತ್ರ ದಪ್ಪವೆನಿಸುವುದಿಲ್ಲ. ಇಂದಿಗೂ ನನ್ನ ಅಂಗೈಗೆ ಇಷ್ಟು ಒಪ್ಪುವ ಇನ್ನೊಂದು ಪಿಸ್ತೂಲು ಸಿಕ್ಕಿಲ್ಲ.

ಈಗ ಬೆಲೆಯ ಮಾತು. ತಯಾರಿಕೆ ನಿಂತ ಮೇಲೆ ಬೆಲೆ ಏರಿದ್ದು ನಿಜ. ಆದರೆ ಎಲ್ಲ ಹೈ-ಪವರ್‌ಗಳ ಬೆಲೆಯೂ ಒಂದೇ ಸಮನೆ ಏರಲಿಲ್ಲ, ಏರಿದ್ದೆಲ್ಲ ಅಲ್ಲೇ ನಿಲ್ಲಲೂ ಇಲ್ಲ. 2021ರ ಕೊನೆಗೆ ಸ್ಪ್ರಿಂಗ್‌ಫೀಲ್ಡ್ ಕಂಪನಿ ಇದೇ ವಿನ್ಯಾಸವನ್ನು ಎಸ್‌ಎ-35 ಎಂಬ ಹೆಸರಿನಲ್ಲಿ 699 ಡಾಲರಿಗೆ ತಂದಿತು. ಟರ್ಕಿಯ ಗಿರ್ಸಾನ್ ಕಂಪನಿಯ ಪ್ರತಿರೂಪ ಅದಕ್ಕಿಂತ ಅಗ್ಗಕ್ಕೆ ಬಂತು. 2022ರಲ್ಲಿ ಎಫ್‌ಎನ್ ಕಂಪನಿಯೇ ಅದೇ ಹೆಸರಿನ ಹೊಸ ಪಿಸ್ತೂಲು ಬಿಟ್ಟಿತು, ಆದರೆ ಒಳಗಿನ ರಚನೆ ಬೇರೆ, ಹಳೆಯದರ ಭಾಗಗಳು ಅದಕ್ಕೆ ಹೊಂದುವುದಿಲ್ಲ. ಬರಿಯ ಬಳಕೆಗೆ ಹೈ-ಪವರ್ ಬೇಕಿದ್ದವರು ಹೊಸದರ ಕಡೆ ತಿರುಗಿದರು. ಮೂಲ ಪೆಟ್ಟಿಗೆ, ಕಾಗದಪತ್ರ, ಕಾರ್ಖಾನೆಯ ಹೊಳಪು ಉಳಿದಿರುವ ಹಳೆಯ ಬೆಲ್ಜಿಯಂ ಪಿಸ್ತೂಲುಗಳು ಬೆಲೆ ಉಳಿಸಿಕೊಂಡವು. ನಡುವಿನ ದರ್ಜೆಯವಕ್ಕೆ ಆ ಭಾಗ್ಯವಿಲ್ಲ. ಸಂಗ್ರಾಹಕ ಹಣ ಕೊಡುವುದು ಮೂಲ ಸ್ಥಿತಿಗೆ, ಬರಿಯ ಹೆಸರಿಗಲ್ಲ.

ನಾನು ಹುಡುಕಿ ಕೊಂಡದ್ದು ಇಸ್ರೇಲ್ ಪೊಲೀಸರು ಬಳಸಿ ಬಿಟ್ಟ ಮಾರ್ಕ್ ಥ್ರೀ ಮಾದರಿಯ ಹೈ-ಪವರ್. ಹೊರ ಬಣ್ಣ ಅಲ್ಲಲ್ಲಿ ಸವೆದಿತ್ತು, ನಳಿಗೆ ಚೆನ್ನಾಗಿತ್ತು. ಇನ್ನೊಂದು ವಿಷಯವನ್ನು ನಾನು ಬೇಕೆಂದೇ ಗಮನಿಸಿದೆ: ಆಮದು ಮಾಡಿಕೊಂಡ ಕಂಪನಿಯ ಹೆಸರಿನ ಕೆತ್ತನೆ. ಅಮೆರಿಕದ ಕಾನೂನಿನಂತೆ ಆಮದಾದ ಆಯುಧದ ಮೇಲೆ ಆ ಗುರುತು ಇರಲೇಬೇಕು, ಸಂಗ್ರಾಹಕರು ಅದನ್ನು ಕಂಡರೆ ಬೆಲೆ ಇಳಿಸುತ್ತಾರೆ. ಆ ಇಳಿದ ಬೆಲೆಯೇ ನನಗೆ ಸಿಕ್ಕ ಲಾಭ. ಸಂಗ್ರಾಹಕನ ಬೆಲೆ ಮೊದಲೇ ಹೋಗಿರುವ ಪಿಸ್ತೂಲಿಗೆ ಉಳಿ ಹಾಕಿದರೆ ಕಳೆದುಕೊಳ್ಳುವುದು ಏನೂ ಇಲ್ಲ. ಮಾರ್ಪಾಡು ಮಾಡಿಸುವ ಆಸೆಯಿರುವವರು ಇಂಥದ್ದನ್ನೇ ಕೊಳ್ಳಬೇಕು. ಪೆಟ್ಟಿಗೆ ಬಿಚ್ಚದ ಬೆಲ್ಜಿಯಂ ಪಿಸ್ತೂಲನ್ನು ತಂದು ಅದಕ್ಕೆ ಹೊಸ ಬಣ್ಣ ಹೊಡೆಸುವುದೆಂದರೆ ಅಜ್ಜಿಯ ಹಳೆಯ ಅಡ್ಡಿಕೆಯನ್ನು ಕರಗಿಸಿ ಹೊಸ ನಮೂನೆಯ ಸರ ಮಾಡಿಸಿದ ಹಾಗೆ.

ಎಲ್ಲಿ ಖರ್ಚು ಮಾಡಿದೆ? ಮೊದಲು ಗುರಿ ನೋಡುವ ಸೈಟುಗಳಿಗೆ. ಮಾರ್ಕ್ ಥ್ರೀಯಲ್ಲಿ ಮುಂದಿನದೂ ಹಿಂದಿನದೂ ತೋಡಿನಲ್ಲಿ ಜಾರಿಸಿ ಕೂರಿಸಿದವು, ಆದ್ದರಿಂದ ಸ್ಲೈಡ್ ಕೊರೆಸದೆ ಬದಲಿಸಬಹುದು. ಹಳೆಯ ಮಾದರಿಗಳಲ್ಲಿ ಸ್ಲೈಡನ್ನೇ ಮಿಲ್ಲಿಂಗ್ ಮಾಡಿಸಬೇಕು, ಕೂಲಿ ಸೈಟಿನ ಬೆಲೆಯನ್ನೇ ಮೀರುತ್ತದೆ. ಕೊಳ್ಳುವ ಮುನ್ನ ಈ ಒಂದು ವ್ಯತ್ಯಾಸ ತಿಳಿದಿದ್ದರೆ ನೂರಾರು ಡಾಲರ್ ಉಳಿಯುತ್ತದೆ. ಆಮೇಲೆ ಪ್ಲಾಸ್ಟಿಕ್ ಗ್ರಿಪ್ಪುಗಳ ಬದಲು ವಾಲ್ನಟ್ ಮರದವು. ಎರಡು ಸ್ಕ್ರೂ, ಐದು ನಿಮಿಷದ ಕೆಲಸ, ಬೇಡವೆನಿಸಿದರೆ ಹಳೆಯವನ್ನು ಹಾಗೇ ಹಾಕಬಹುದು. ಹ್ಯಾಮರ್ ಹೆಬ್ಬೆರಳ ಬುಡದ ಚರ್ಮವನ್ನು ಕಚ್ಚುವುದು ಈ ಪಿಸ್ತೂಲಿನ ಹಳೆಯ ಕಾಟ. ನನ್ನ ಗನ್‌ಸ್ಮಿತ್ ಸಣ್ಣ ಹ್ಯಾಮರ್ ಕೂರಿಸಿಕೊಟ್ಟರು. ಫ್ರೇಮಿನ ಬಾಲಕ್ಕೆ ಲೋಹ ಬೆಸೆದು ಉದ್ದ ಮಾಡುವುದು ಇನ್ನೊಂದು ದಾರಿ, ಕಾಣಲು ಬಹಳ ಚೆಂದ. ಆದರೆ ಬೆಸೆದ ಮೇಲೆ ಇಡೀ ಪಿಸ್ತೂಲಿಗೆ ಹೊಸ ಬಣ್ಣ ಬೇಕು, ಅಷ್ಟರಲ್ಲಿ ಇನ್ನೊಂದು ಪಿಸ್ತೂಲೇ ಬರುತ್ತದೆ. ನಾನು ಮಾಡಿಸಲಿಲ್ಲ.

ಟ್ರಿಗರ್ ವಿಷಯದಲ್ಲಿ ನನ್ನ ನಿಲುವು ಹಲವರಿಗೆ ಒಪ್ಪಿಗೆಯಾಗದು. ಮ್ಯಾಗಜೀನ್ ಹೊರತೆಗೆದಾಗ ಗುಂಡು ಹಾರದಂತೆ ತಡೆಯುವ ಒಂದು ಸುರಕ್ಷತಾ ಭಾಗ ಹೈ-ಪವರ್‌ನಲ್ಲಿದೆ. ಟ್ರಿಗರ್ ಎಳೆತ ಭಾರವೂ ಒರಟೂ ಆಗಲು ಅದೇ ಮುಖ್ಯ ಕಾರಣ. ಬಹಳ ಜನ ಅದನ್ನು ತೆಗೆಸಿಬಿಡುತ್ತಾರೆ. ನಾನು ಉಳಿಸಿಕೊಂಡು, ಉಜ್ಜುವ ಜಾಗಗಳನ್ನಷ್ಟೇ ನಯ ಮಾಡಿಸಿದೆ. ತಯಾರಕರು ಇಟ್ಟ ಸುರಕ್ಷತೆಯನ್ನು ಕಿತ್ತುಹಾಕಿದ ಪಿಸ್ತೂಲಿನಿಂದ ನಾಳೆ ಏನಾದರೂ ಆದರೆ, ಕೋರ್ಟಿನಲ್ಲಿ ಆ ಪ್ರಶ್ನೆಗೆ ಉತ್ತರಿಸಬೇಕಾದವರು ನಾವು. ವಕೀಲರ ಫೀಸಿನ ಮುಂದೆ ಹಗುರ ಟ್ರಿಗರ್‌ನ ಸುಖ ಏನೂ ಅಲ್ಲ.

ಬಿಚ್ಚಿದ ಪ್ರತಿ ಮೂಲ ಭಾಗವೂ ಎಣ್ಣೆ ಸವರಿಸಿಕೊಂಡು, ಹೆಸರು ಬರೆದ ಪುಟ್ಟ ಚೀಲದಲ್ಲಿದೆ. ಮಾರ್ಪಾಡಿಗೆ ಹಾಕಿದ ಹಣ ಮಾರುವಾಗ ವಾಪಸು ಬರುವುದಿಲ್ಲ. ಕೊಳ್ಳುವವನ ಅಭಿರುಚಿ ಅವನದು, ನಮ್ಮ ಗನ್‌ಸ್ಮಿತ್‌ಗೆ ಕೊಟ್ಟ ಕೂಲಿಯನ್ನು ಅವನು ಏಕೆ ತುಂಬಿಕೊಡಬೇಕು? ಆದರೆ ಮೂಲ ಭಾಗಗಳ ಚೀಲ ಜೊತೆಗಿದ್ದರೆ ಒಳ್ಳೆಯ ಬೆಲೆ ಕೇಳಬಹುದು. ಮಾರ್ಪಾಡಿನ ಖರ್ಚನ್ನಂತೂ ನಾನು ಆಸ್ತಿಯ ಕಡೆ ಬರೆಯುವುದಿಲ್ಲ, ನಮ್ಮ ಮನೆಯ ಬಜೆಟ್ಟಿನಲ್ಲಿ ಅದು ಪ್ರವಾಸ, ಸಿನಿಮಾಗಳ ಸಾಲಿನಲ್ಲಿದೆ.

ಪಿಸ್ತೂಲಿಗಿಂತ ದೊಡ್ಡ ಖರ್ಚು ಗುಂಡುಗಳದು. ಕೋವಿಡ್‌ಗೆ ಮುಂಚೆ 9 ಎಂಎಂ ಗುಂಡಿಗೆ 20 ಸೆಂಟಿನ ಆಸುಪಾಸು ಕೊಡುತ್ತಿದ್ದೆವು. ಕೊರತೆ ಬಿಗಿಯಾದಾಗ ಅದು ಎರಡು, ಮೂರು ಪಟ್ಟಾಯಿತು. ವಾರಾಂತ್ಯಕ್ಕೆ ಎರಡು ಪೆಟ್ಟಿಗೆ, ಅಂದರೆ 100 ಗುಂಡು ಹೊಡೆಯುವವನು ವರ್ಷ ತುಂಬುವುದರೊಳಗೆ ಪಿಸ್ತೂಲಿನ ಬೆಲೆಯನ್ನು ಗುಂಡಿಗೇ ಸುರಿದಿರುತ್ತಾನೆ. ಬಿಡಿಭಾಗಗಳಲ್ಲಿ ಸ್ಪ್ರಿಂಗು, ಎಕ್ಸ್‌ಟ್ರಾಕ್ಟರ್, ಫೈರಿಂಗ್ ಪಿನ್‌ಗಳನ್ನು ಸಿಕ್ಕಾಗಲೇ ತಂದಿಟ್ಟುಕೊಳ್ಳಿ. ಮ್ಯಾಗಜೀನಿನ ಚಿಂತೆ ಬೇಡ, ಇಟಲಿಯ ಮೆಕ್-ಗಾರ್ ಕಂಪನಿಯವು ಸಾಕಷ್ಟು ಸಿಗುತ್ತವೆ.

ವಿಮೆಯ ಬಗ್ಗೆ ಮಾತ್ರ ಒತ್ತಿ ಹೇಳುತ್ತೇನೆ. ಮನೆಯ ವಿಮೆ ಎಲ್ಲವನ್ನೂ ನೋಡಿಕೊಳ್ಳುತ್ತದೆಂದು ನಂಬಿರುವವರೇ ಹೆಚ್ಚು. ಸಾಮಾನ್ಯ ಪಾಲಿಸಿಗಳಲ್ಲಿ ಕಳುವಾದ ಬಂದೂಕುಗಳಿಗೆಲ್ಲ ಸೇರಿ ಒಂದು ಮಿತಿ ಇರುತ್ತದೆ, ಸಾಮಾನ್ಯವಾಗಿ 2,500 ಡಾಲರ್. ಎರಡು ಮೂರು ಆಯುಧವಿದ್ದರೆ ಅದು ಸಾಲದು. ಪಾಲಿಸಿಯ ಆ ಪುಟವನ್ನು ತೆಗೆದು ಓದಿ, ಬೇಕಿದ್ದರೆ ಪ್ರತ್ಯೇಕವಾಗಿ ನಮೂದಿಸಿ. ಸೀರಿಯಲ್ ನಂಬರ್, ಫೋಟೋ, ಬಿಲ್ಲು, ಗನ್‌ಸ್ಮಿತ್‌ನ ರಸೀದಿ ಇಲ್ಲದೆ ಯಾವ ಕ್ಲೇಮೂ ಸುಲಭವಾಗಿ ಆಗದು.

ಊರಿಗೆ ಮರಳುವ ಯೋಚನೆಯಿರುವ ಕನ್ನಡಿಗರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಭಾರತದಲ್ಲಿ 9 ಎಂಎಂ ನಿಷೇಧಿತ ಬೋರ್. ಸಾಮಾನ್ಯ ನಾಗರಿಕರು ಅದನ್ನು ಒಯ್ಯುವಂತಿಲ್ಲ, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿ ಇಂಥ ಆಯುಧಕ್ಕೆ ಅನ್ವಯಿಸುವುದಿಲ್ಲ. ಹೊರಡುವ ಮುನ್ನ ಮಾರಲೇಬೇಕು, ಅವಸರದಲ್ಲಿ ಮಾರುವವನಿಗೆ ಎಂದೂ ಒಳ್ಳೆಯ ಬೆಲೆ ಬಾರದು. ಇನ್ನು ಇಲ್ಲೇ ಉಳಿಯುವವರ ಮಾತು: ಗ್ರೀನ್ ಕಾರ್ಡ್ ನಿಮಗೆ ಮಾತ್ರ ಬಂದು, ವಾರಸುದಾರರು ವಲಸೆಯೇತರ ವೀಸಾದಲ್ಲಿದ್ದರೆ, ಫೆಡರಲ್ ಕಾನೂನಿನಂತೆ ಕೆಲವು ವಿನಾಯಿತಿಗಳನ್ನು ಬಿಟ್ಟರೆ ನಿಮ್ಮ ನಂತರ ಅವರು ಆ ಪಿಸ್ತೂಲನ್ನು ಇಟ್ಟುಕೊಳ್ಳುವಂತೆಯೂ ಇಲ್ಲ. ಆದ್ದರಿಂದ ಆಯುಧ ಎಲ್ಲಿದೆ, ಕೀಲಿ ಯಾರ ಬಳಿ, ಮೂಲ ಭಾಗಗಳ ಚೀಲ ಎಲ್ಲಿದೆ, ಯಾವ ಲೈಸೆನ್ಸ್ ಪಡೆದ ಅಂಗಡಿಗೆ ಫೋನ್ ಮಾಡಬೇಕು, ಎಷ್ಟಕ್ಕಿಂತ ಕಡಿಮೆಗೆ ಕೊಡಬಾರದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ವಿಲ್ ಜೊತೆ ಇಡಿ. ಈ ವಾರವೇ ಬರೆದಿಡಿ.