ದೊಡ್ಡ ಕಂಪನಿಗೆ ಗೊತ್ತಿದ್ದರೂ ಮಾಡೋಕಾಗದ ಕೆಲಸ

ಸ್ಟಾರ್ಟ್‌ಅಪ್ ಬಗ್ಗೆ ಮಾತು ಬಂದರೆ ‘ಡಿಸ್ರಪ್ಷನ್’ ಅನ್ನೋ ಪದ ಬಂದೇ ಬರುತ್ತೆ. ಹೊಸ ಟೆಕ್ನಾಲಜಿ ಬಂತು, ಹಳೆ ಕಂಪನಿ ಹಿಂದೆ ಬಿತ್ತು, ಇಷ್ಟೇ ಕಥೆ ಅಂತ ನಾವು ಅಂದುಕೊಳ್ತೀವಿ. ಆದರೆ ದೊಡ್ಡ ಕಂಪನಿ ಹತ್ರ ದುಡ್ಡಿದೆ, ಇಂಜಿನಿಯರ್‌ಗಳಿದ್ದಾರೆ, ಹೆಸರಿದೆ. ಆ ಟೆಕ್ನಾಲಜಿಯನ್ನು ಅವರೇ ಮೊದಲು ಯಾಕೆ ಬಳಸಲ್ಲ? ಉತ್ತರಕ್ಕೆ ನಮ್ಮ ಬೆಂಗಳೂರಿನದೇ ಒಂದು ಕಂಪನಿಯನ್ನು ನೋಡೋಣ: ಜೆರೋಧಾ.

ಒಂದು ಆರ್ಡರ್‌ನ ಲೆಕ್ಕ

2010ರಲ್ಲಿ ನಿತಿನ್ ಕಾಮತ್ ಜೆರೋಧಾ ಶುರು ಮಾಡಿದಾಗ ದೊಡ್ಡ ಬ್ರೋಕರ್‌ಗಳು ವ್ಯವಹಾರದ ಮೊತ್ತದ ಮೇಲೆ ಪರ್ಸೆಂಟ್ ಲೆಕ್ಕದಲ್ಲಿ ಕಮಿಷನ್ ತಗೊಳ್ತಿದ್ದರು. ಉದಾಹರಣೆಗೆ ಅರ್ಧ ಪರ್ಸೆಂಟ್ ಅಂತ ಇಟ್ಟುಕೊಳ್ಳಿ. 10 ಸಾವಿರದ ಶೇರಿಗೆ 50 ರೂಪಾಯಿ, 10 ಲಕ್ಷದ ಶೇರಿಗೆ 5,000 ರೂಪಾಯಿ. ಆದರೆ ಕಂಪ್ಯೂಟರ್‌ಗೆ ಎರಡೂ ಒಂದೊಂದು ಆರ್ಡರ್ ತಾನೆ? ಕೆಲಸ ಅಷ್ಟೇ, ಖರ್ಚೂ ಅಷ್ಟೇ.

ಜೆರೋಧಾ ಹಿಡಿದಿದ್ದು ಇದನ್ನೇ. ಮೊತ್ತ ಎಷ್ಟೇ ಇರಲಿ, ಒಂದು ಆರ್ಡರ್‌ಗೆ ಹೆಚ್ಚೆಂದರೆ 20 ರೂಪಾಯಿ. 2015ರ ಕೊನೆಗೆ, ಶೇರು ಕೊಂಡು ಇಟ್ಟುಕೊಳ್ಳುವವರಿಗೆ ಅದನ್ನೂ ತೆಗೆದು ಸೊನ್ನೆ ಮಾಡಿತು. ಅದೇ ವರ್ಷ ‘ಕೈಟ್’ ಅನ್ನೋ ಸ್ವಂತ ಟ್ರೇಡಿಂಗ್ ಪ್ಲಾಟ್‌ಫಾರ್ಮ್ ಬಂತು. ಆಮೇಲೆ ಆಧಾರ್ ಇ-ಸೈನ್ ಬಂದು ಕಂತೆಗಟ್ಟಲೆ ಫಾರ್ಮ್‌ಗೆ ಸಹಿ ಹಾಕೋ ಕೆಲಸ ತಪ್ಪಿತು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗ ಆಯ್ತು. ಬ್ರಾಂಚ್ ಇಲ್ಲದ ಊರಿನವರೂ ಫೋನಲ್ಲೇ ಖಾತೆ ತೆರೆಯೋ ಹಾಗಾಯ್ತು.

ಕೈ ಕಟ್ಟಿದ್ದು ಯಾವುದು?

ಗಮನಿಸಿ, ಆಧಾರ್, ಜಿಯೋ, ಸ್ಮಾರ್ಟ್‌ಫೋನ್ ಎಲ್ಲವೂ ದೊಡ್ಡ ಬ್ರೋಕರ್‌ಗಳಿಗೂ ಸಿಕ್ಕಿದ್ದವು. ಆದರೆ ಅವರು ‘ನಾಳೆಯಿಂದ 20 ರೂಪಾಯಿ’ ಅಂದರೆ, ಇವತ್ತು 5,000 ಕೊಡ್ತಿರೋ ಗ್ರಾಹಕನೂ 20ಕ್ಕೆ ಇಳೀತಾನೆ. ಬ್ರಾಂಚ್ ಬಾಡಿಗೆ, ಸಿಬ್ಬಂದಿ ಸಂಬಳ ಮಾತ್ರ ಇಳಿಯಲ್ಲ. ಅಂದ್ರೆ ಅವರ ಕೈ ಕಟ್ಟಿ ಹಾಕಿದ್ದು ಅವರ ಲಾಭವೇ. ಜೆರೋಧಾಗೆ ಕಳೆದುಕೊಳ್ಳೋಕೆ ಹಳೆ ಆದಾಯ ಇರಲಿಲ್ಲ, ಅದೇ ಅದರ ಬಲ.

ಹಾರ್ವರ್ಡ್ ಪ್ರೊಫೆಸರ್ ಕ್ಲೇಟನ್ ಕ್ರಿಸ್ಟೆನ್ಸನ್ 1997ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದು ಇಂಥದ್ದನ್ನೇ. ದೊಡ್ಡ ಕಂಪನಿಗಳು ದಡ್ಡತನದಿಂದ ಸೋಲಲ್ಲ. ಹೆಚ್ಚು ಲಾಭ ಕೊಡೋ ಗ್ರಾಹಕರನ್ನು ಚೆನ್ನಾಗಿ ನೋಡಿಕೊಳ್ತಾ ಇರುವಾಗಲೇ, ಅವು ಲೆಕ್ಕಕ್ಕಿಡದ ಸಣ್ಣ ಗ್ರಾಹಕರ ಕಡೆಯಿಂದ ಹೊಸಬರು ಒಳಗೆ ಬರ್ತಾರೆ.

2019ರ ಹೊತ್ತಿಗೆ ಜೆರೋಧಾ ಐಸಿಐಸಿಐ ಡೈರೆಕ್ಟನ್ನು ಹಿಂದೆ ಹಾಕಿ, ಸಕ್ರಿಯ ಗ್ರಾಹಕರ ಸಂಖ್ಯೆಯಲ್ಲಿ ದೇಶದ ಮೊದಲ ಸ್ಥಾನಕ್ಕೆ ಬಂತು. ಅದೂ ಹೊರಗಿನ ಹೂಡಿಕೆದಾರರಿಂದ ಒಂದು ರೂಪಾಯಿ ತಗೊಳ್ಳದೆ.

ಕಥೆ ಅಲ್ಲಿಗೇ ನಿಲ್ಲಲಿಲ್ಲ

2023ರಲ್ಲಿ ಇನ್ನೊಂದು ಬೆಂಗಳೂರು ಕಂಪನಿ, ಗ್ರೋ, ಅದೇ ಪಟ್ಟಿಯಲ್ಲಿ ಜೆರೋಧಾನ ದಾಟಿತು. ಗ್ರೋ ಶುರುವಾಗಿದ್ದು ಮ್ಯೂಚುವಲ್ ಫಂಡ್‌ನಿಂದ, ಮೊದಲ ಸಲ ಹೂಡಿಕೆ ಮಾಡೋರಿಗೆ ಸುಲಭವಾದ ಆ್ಯಪ್‌ನಿಂದ. ಜೆರೋಧಾ ಖಾತೆ ತೆರೆಯೋಕೆ ಶುಲ್ಕ ತಗೊಳ್ತಿದ್ದಾಗ ಗ್ರೋ ಉಚಿತವಾಗಿ ತೆರೆದು ಕೊಡ್ತಿತ್ತು. ನಿನ್ನೆಯ ಹೊಸಬ ಇವತ್ತಿನ ದೊಡ್ಡ ಕಂಪನಿ ಆಗಿದ್ದ, ಅಷ್ಟೇ.

ನಮಗೇನು ಪಾಠ?

ಹ್ಯಾಕಥಾನ್‌ಗೆ ಐಡಿಯಾ ಹುಡುಕುವಾಗ ನಾವು ಮೊದಲು ಕೇಳೋದು ‘ಯಾವ ಟೆಕ್ನಾಲಜಿ ಹಾಕೋಣ?’ ಅಂತ. ಎಐ ಹಾಕೋಣ, ಬ್ಲಾಕ್‌ಚೈನ್ ಹಾಕೋಣ ಅಂತ ಚರ್ಚೆ ಆಗುತ್ತೆ. ಅದರ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿ ನೋಡಿ: ‘ಇದನ್ನು ದೊಡ್ಡ ಕಂಪನಿ ನಾಳೆಯೇ ಕಾಪಿ ಮಾಡಿದರೆ ಅದಕ್ಕೆ ನಷ್ಟ ಆಗುತ್ತಾ?’

ಇಲ್ಲ ಅಂದರೆ ಅವರು ಖಂಡಿತ ಮಾಡ್ತಾರೆ, ನಮಗಿಂತ ಚೆನ್ನಾಗೇ ಮಾಡ್ತಾರೆ. ಹೌದು ಅಂದರೆ, ನಮಗೆ ಒಂದಷ್ಟು ಸಮಯ ಸಿಕ್ಕಿತು ಅಂತ ಅರ್ಥ.