ಮರದ ಡೆಕ್ಕೋ, ಕಲ್ಲಿನ ಹಾಸೋ? ಅಮೆರಿಕದ ಹಿತ್ತಲಿನ ಒಂದು ನಿರ್ಧಾರ, ಸರಬರಾಜುದಾರರಿಗೆ ಅದರ ಪಾಠ

ಸರಕಿನ ಗುಣವನ್ನು ಅರಿತ ವರ್ತಕರು ಹಲವರಿದ್ದಾರೆ. ಆ ಸರಕು ಕೊನೆಗೆ ಎಲ್ಲಿ ಕೂರುತ್ತದೆ, ಯಾವ ಹೊರೆ ಹೊರುತ್ತದೆ, ಎಂಥ ಮಳೆ ಚಳಿಗೆ ಮೈಯೊಡ್ಡುತ್ತದೆ ಎಂಬುದನ್ನು ಅರಿತವರು ವಿರಳ. ದೂರದ ಮಾರುಕಟ್ಟೆಯಲ್ಲಿ ನಷ್ಟಕ್ಕೆ ಕಾರಣವಾಗುವುದು ಬಹುಪಾಲು ಈ ಎರಡನೆಯ ಅರಿವಿನ ಕೊರತೆಯೇ. ಇಳಕಲ್ಲಿನ ಕೆಂಪು ಗ್ರಾನೈಟ್ ಮತ್ತು ಚಾಮರಾಜನಗರದ ಕಪ್ಪು ಗ್ರಾನೈಟ್ ಹೊರದೇಶಗಳಲ್ಲಿ ಪರಿಚಿತವಾದ ಹೆಸರುಗಳು. ಹೊರಾಂಗಣದ ನೆಲಹಾಸಿಗೆ ಕಲ್ಲು ಒದಗಿಸಬಯಸುವವರು, ಬೋಲ್ಟು ಮೊಳೆಗಳನ್ನು ತಯಾರಿಸುವ ಸಣ್ಣ ಉದ್ಯಮಿಗಳು ಅಮೆರಿಕದ ಗೃಹಸ್ಥನೊಬ್ಬ ತನ್ನ ಹಿತ್ತಲನ್ನು ಹೇಗೆ ರೂಪಿಸುತ್ತಾನೆಂಬುದನ್ನು ತಿಳಿದಿರುವುದು ಲಾಭಕರ. ಈ ಪಾಠದ ವಿಷಯ ಅದೇ.

ಎರಡು ಮಾರ್ಗಗಳು

ಅಮೆರಿಕದ ಸ್ವಂತ ಮನೆಗಳಲ್ಲಿ ಹಿಂಬಾಗಿಲಿನಾಚೆ ಕುಳಿತು ಊಟ ಮಾಡಲು, ಅತಿಥಿಗಳನ್ನು ಸತ್ಕರಿಸಲು ಒಂದು ಜಾಗವಿರುವುದು ವಾಡಿಕೆ. ಅದನ್ನು ಕಟ್ಟಲು ಮುಖ್ಯವಾಗಿ ಎರಡು ಮಾರ್ಗಗಳಿವೆ. ಮೊದಲನೆಯದು ಡೆಕ್, ಅಂದರೆ ಕಂಬಗಳ ಮೇಲೆ ತೊಲೆ ಜಂತೆಗಳನ್ನಿಟ್ಟು ಹಲಗೆ ಹೊದಿಸಿದ ಮರದ ಅಟ್ಟಣೆ. ಎರಡನೆಯದು ಪ್ಯಾಟಿಯೊ, ಅಂದರೆ ನೆಲದ ಮೇಲೆಯೇ ಕಲ್ಲು, ಇಟ್ಟಿಗೆ, ಸಿಮೆಂಟ್ ಬಿಲ್ಲೆ ಅಥವಾ ಕಾಂಕ್ರೀಟ್ ಹಾಸಿದ ಅಂಗಳ. ಕನ್ನಡದ ಮಾತಿನಲ್ಲಿ ಹೇಳುವುದಾದರೆ ಒಂದು ಮರದ ಜಗಲಿ, ಇನ್ನೊಂದು ಹಾಸುಗಲ್ಲಿನ ಅಂಗಳ.

ಗ್ರಾಹಕನು ಸಾಮಾನ್ಯವಾಗಿ ಮೊದಲು ನೋಡುವುದು ಅಂದವನ್ನು, ಬಳಿಕ ಬೆಲೆಯನ್ನು. ಅನುಭವಿ ಗುತ್ತಿಗೆದಾರನು ಮೊದಲು ನೋಡುವುದು ನೆಲವನ್ನು. ಇವೆರಡರಲ್ಲಿ ಯಾವುದು ತಕ್ಕದ್ದೆಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ನೆಲವೇ.

ಮೊದಲ ಪ್ರಶ್ನೆ: ನೆಲ ಎಷ್ಟು ಇಳಿಜಾರಾಗಿದೆ?

ಹಿಂಬಾಗಿಲಿನ ಹೊಸ್ತಿಲು ನೆಲಕ್ಕಿಂತ ಒಂದೆರಡು ಮೆಟ್ಟಿಲಷ್ಟೇ ಎತ್ತರವಿದ್ದು ಹಿತ್ತಲು ಸಮತಟ್ಟಾಗಿದ್ದರೆ ಪ್ಯಾಟಿಯೊ ಸಹಜವಾದ ಆಯ್ಕೆ. ಹೊಸ್ತಿಲು ನಾಲ್ಕಾರು ಅಡಿ ಮೇಲಿದ್ದು ನೆಲ ಇಳಿಜಾರಾಗಿದ್ದರೆ, ಪ್ಯಾಟಿಯೊಗಾಗಿ ಒಂದೆಡೆ ಅಗೆದು ಇನ್ನೊಂದೆಡೆ ತುಂಬಿ ತಡೆಗೋಡೆ ಕಟ್ಟಬೇಕಾಗುತ್ತದೆ. ಅಲ್ಲಿನ ಮಾದರಿ ವಸತಿ ಸಂಹಿತೆಯ ಪ್ರಕಾರ ಪಾಯದ ತಳದಿಂದ 4 ಅಡಿ ಮೀರಿದ ತಡೆಗೋಡೆಗೆ ಪರವಾನಗಿ ಅಗತ್ಯ. ಅದೇ ನೆಲದಲ್ಲಿ ಡೆಕ್ಕಿಗೆ ಬೇಕಾಗುವುದು ಕಂಬಗಳ ಉದ್ದವನ್ನು ಹೆಚ್ಚಿಸುವುದಷ್ಟೇ. ದೊಡ್ಡ ಮರವೊಂದು ಸಮೀಪದಲ್ಲಿದ್ದರೂ ಡೆಕ್ಕೇ ಮೇಲು. ಪ್ಯಾಟಿಯೊದ ಅಗೆತದಲ್ಲಿ ಬೇರುಗಳು ತುಂಡಾಗುತ್ತವೆ. ಡೆಕ್ಕಿಗೆ ಕೆಲವೇ ಗುಂಡಿಗಳು ಸಾಕು.

ಎರಡನೆಯ ಪ್ರಶ್ನೆ: ನೀರು ಎತ್ತ ಹರಿಯುತ್ತದೆ?

ಅಮೆರಿಕದ ಹಲವು ಮನೆಗಳಿಗೆ ನೆಲಮಾಳಿಗೆ ಇರುತ್ತದೆ. ಪ್ಯಾಟಿಯೊ ಮನೆಯ ಕಡೆಗೆ ಒಂದಿಷ್ಟು ವಾಲಿದರೂ ಮಳೆನೀರು ಪಾಯದತ್ತ ಹರಿದು ಮಾಳಿಗೆಯ ಗೋಡೆಯಲ್ಲಿ ಜಿನುಗುತ್ತದೆ. ಆದುದರಿಂದ ಪಾಯದಿಂದ 10 ಅಡಿಯೊಳಗಿನ ನೀರಿಂಗದ ಹಾಸಿಗೆ ಮನೆಯಿಂದ ಹೊರಮುಖವಾಗಿ ಕನಿಷ್ಠ ಶೇಕಡಾ 2ರಷ್ಟು ಇಳಿಜಾರು ಇರಬೇಕೆಂದು ಸಂಹಿತೆ ವಿಧಿಸುತ್ತದೆ. 12 ಅಡಿ ಅಗಲದ ಪ್ಯಾಟಿಯೊಗೆ ಇದು ಸುಮಾರು 3 ಅಂಗುಲ.

ಇಲ್ಲಿ ಒಂದು ಗುಪ್ತ ಅಪಾಯವಿದೆ. ಹೊಸ ಮನೆಯ ಪಾಯದ ಸುತ್ತ ತುಂಬಿದ ಮಣ್ಣು ಕೆಲವು ವರ್ಷಗಳವರೆಗೆ ಕುಸಿಯುತ್ತಿರುತ್ತದೆ. ಅದನ್ನು ಸರಿಯಾಗಿ ದಮ್ಮಸು ಮಾಡದೆ ಹಾಸಿದ ಕಲ್ಲು, ಹಾಸಿದ ದಿನ ಹೊರಮುಖವಾಗಿ ವಾಲಿದ್ದರೂ ಕಾಲಾಂತರದಲ್ಲಿ ಮನೆಯ ಕಡೆಗೆ ವಾಲುತ್ತದೆ. ಮನೆಯೊಡೆಯ ಕಲ್ಲು ಮಾರಿದವನನ್ನು ದೂರುತ್ತಾನೆ. ತಪ್ಪು ಇರುವುದು ಕಲ್ಲಿನ ಕೆಳಗೆ. ಸಾಮಾನ್ಯ ಕ್ರಮದಲ್ಲಿ 4ರಿಂದ 6 ಅಂಗುಲ ದಮ್ಮಸು ಮಾಡಿದ ಜಲ್ಲಿ, ಅದರ ಮೇಲೆ 1 ಅಂಗುಲ ಮರಳು, ಅದರ ಮೇಲೆ ಬಿಲ್ಲೆ, ಅಂಚಿನಲ್ಲಿ ಸರಿಯದಂತೆ ತಡೆಪಟ್ಟಿ ಇರುತ್ತವೆ.

ಮೂರನೆಯ ಪ್ರಶ್ನೆ: ಚಳಿ ಎಷ್ಟು ಆಳಕ್ಕೆ ಇಳಿಯುತ್ತದೆ?

ಕರ್ನಾಟಕದ ಉದ್ಯಮಿಗೆ ಅನುಭವವಿಲ್ಲದ ಅಂಶ ಇದು. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ತೇವವಿರುವ ಮಣ್ಣು ಹೆಪ್ಪುಗಟ್ಟಿ ಉಬ್ಬಿ ತನ್ನ ಮೇಲಿರುವುದನ್ನು ಎತ್ತಿಬಿಡುತ್ತದೆ. ಈ ಕಾರಣದಿಂದ ಡೆಕ್ಕಿನ ಕಂಬಗಳ ಪಾಯ ಹಿಮರೇಖೆಗಿಂತ ಕೆಳಗಿರಬೇಕು. ಮಿನ್ನೆಸೋಟ ರಾಜ್ಯದ ದಕ್ಷಿಣ ವಲಯದಲ್ಲಿ ಈ ಆಳ 42 ಅಂಗುಲ, ಉತ್ತರ ವಲಯದಲ್ಲಿ 60 ಅಂಗುಲ. ಫ್ಲಾರಿಡಾದಲ್ಲಿ ಈ ಚಿಂತೆಯೇ ಇಲ್ಲ. ಮರಳಿನ ಮೇಲೆ ಹಾಸಿದ ಬಿಲ್ಲೆಗಳು ಚಳಿಗಾಲದಲ್ಲಿ ಕೊಂಚ ಅಲುಗಿದರೂ ಎತ್ತಿ ಮರಳಿ ಕೂರಿಸಬಹುದು. ಅಖಂಡ ಕಾಂಕ್ರೀಟ್ ಹಾಸು ಬಿರುಕು ಬಿಡುತ್ತದೆ.

ಹೆಪ್ಪುಗಟ್ಟುವ ನೀರು ಮಣ್ಣನ್ನು ಬಿಟ್ಟು ಕಲ್ಲಿನೊಳಗೂ ಹೋಗುತ್ತದೆ. ಪದರ ಪದರವಾಗಿರುವ ಕಲ್ಲು ನೀರು ಹೀರಿಕೊಂಡು ಹೆಪ್ಪುಗಟ್ಟಿದರೆ ಪದರಗಳು ಕಳಚುವ ಸಂಭವವಿದೆ. ಬೆಂಗಳೂರಿನ ಅಂಗಳದಲ್ಲಿ ದಶಕಗಳ ಕಾಲ ಬಾಳಿದ ಕಲ್ಲು ಶಿಕಾಗೊದಲ್ಲಿಯೂ ಬಾಳೀತೆಂದು ನಂಬುವುದು ಸಲ್ಲದು. ಶಹಾಬಾದ್ ಕಲ್ಲಿನಂಥ ಪದರುಳ್ಳ ಸುಣ್ಣಕಲ್ಲನ್ನು ಕಳುಹಿಸುವ ಮುನ್ನ ಪರೀಕ್ಷೆ ಅನಿವಾರ್ಯ.

ನಾಲ್ಕನೆಯ ಪ್ರಶ್ನೆ: ಹೊರೆಯನ್ನು ಹೊರುವುದು ಯಾವುದು?

ಡೆಕ್ಕಿನ ಹೊರೆಯನ್ನು ಲೆಕ್ಕ ಹಾಕದೆ ಅದರ ಗಂಭೀರತೆ ತಿಳಿಯದು. 12 ಅಡಿಗೆ 16 ಅಡಿಯ ಡೆಕ್ಕಿನ ವಿಸ್ತೀರ್ಣ 192 ಚದರ ಅಡಿ. ಜನರ ಹೊರೆ ಚದರ ಅಡಿಗೆ 40 ಪೌಂಡ್, ಮರದ ಸ್ವಂತ ತೂಕ ಸುಮಾರು 10 ಪೌಂಡ್ ಎಂದು ಹಿಡಿದರೆ ಒಟ್ಟು 9,600 ಪೌಂಡ್, ಅಂದರೆ ಸುಮಾರು 4,350 ಕಿಲೋ. ಒಂದು ಅಂಚು ಮನೆಯ ಗೋಡೆಗೂ ಇನ್ನೊಂದು ಅಂಚು ಹೊರಗಿನ ಕಂಬಗಳಿಗೂ ಆತುಕೊಂಡಿದ್ದರೆ ಇದರ ಅರ್ಧ, ಸುಮಾರು 2,200 ಕಿಲೋ, ಗೋಡೆಗೆ ಬಿಗಿದ ಒಂದು ಹಲಗೆಯ ಮೇಲೆ ಬೀಳುತ್ತದೆ. ಆ ಹಲಗೆಯನ್ನು ಕೇವಲ ಮೊಳೆಗಳಿಂದ ಬಡಿದಿದ್ದರೆ, ಅಥವಾ ಅದರ ಹಿಂದೆ ನೀರು ಇಳಿದು ಮರ ಕೊಳೆತಿದ್ದರೆ, ಡೆಕ್ ಗೋಡೆಯಿಂದ ಕಿತ್ತುಬರುತ್ತದೆ. ಹೀಗಾಗಿ ಆ ಹಲಗೆಗೆ ಬೋಲ್ಟು ಅಥವಾ ದಪ್ಪ ತಿರುಪುಗಳನ್ನೇ ಬಳಸಬೇಕೆಂಬ ನಿಯಮವಿದೆ.

2003ರ ಜೂನ್ 29ರಂದು ಶಿಕಾಗೊದ ಲಿಂಕನ್ ಪಾರ್ಕ್ ಪ್ರದೇಶದಲ್ಲಿ ವಸತಿ ಕಟ್ಟಡವೊಂದರ ಹಿಂಬದಿಯ ಮರದ ಮೊಗಸಾಲೆ ಜನಭಾರದಿಂದ ಕುಸಿದು 13 ಮಂದಿ ಮೃತಪಟ್ಟರು. ಅದು ಮನೆಯ ಹಿತ್ತಲಿನ ಡೆಕ್ ಅಲ್ಲವಾದರೂ, ಎತ್ತರದಲ್ಲಿರುವ ಮರದ ಕಟ್ಟಣೆಯ ಲೋಪ ಪ್ರಾಣದಲ್ಲಿ ಪರ್ಯವಸಾನವಾಗುತ್ತದೆಂಬುದನ್ನು ಆ ದುರಂತ ಮನಗಾಣಿಸಿತು. ನೆಲದಿಂದ 30 ಅಂಗುಲಕ್ಕಿಂತ ಎತ್ತರದ ಡೆಕ್ಕಿಗೆ ಕನಿಷ್ಠ 36 ಅಂಗುಲದ ಕಟಕಟೆ ಇರಬೇಕು; 4 ಅಂಗುಲ ವ್ಯಾಸದ ಗೋಳ ಅದರ ಸಂದುಗಳಲ್ಲಿ ತೂರಬಾರದು. ಮಗುವಿನ ತಲೆ ಸಿಕ್ಕಿಕೊಳ್ಳಬಾರದೆಂಬುದು ಇದರ ಉದ್ದೇಶ. ಪ್ಯಾಟಿಯೊ ಕೆಟ್ಟರೆ ಹಣ ಹೋಗುತ್ತದೆ, ಡೆಕ್ ಕೆಟ್ಟರೆ ಜೀವ ಹೋಗಬಹುದು. ಈ ಅಂತರವನ್ನು ಬೋಲ್ಟು ತಯಾರಕನೂ ಮರೆಯುವಂತಿಲ್ಲ.

ಮರದ ವಿಷಯದಲ್ಲಿ ಆದ ಬದಲಾವಣೆ

ಡೆಕ್ಕಿಗೆ ಹೆಚ್ಚಾಗಿ ಬಳಸುವುದು ಒತ್ತಡದಲ್ಲಿ ರಾಸಾಯನಿಕ ಉಣಿಸಿದ ಪೈನ್ ಮರ. ಹಿಂದೆ ಈ ಮರಕ್ಕೆ ಕ್ರೋಮಿಯಂ, ತಾಮ್ರ, ಆರ್ಸೆನಿಕ್ ಮಿಶ್ರಣ ಬಳಸಲಾಗುತ್ತಿತ್ತು. ಆರ್ಸೆನಿಕ್‌ನ ಭಯದಿಂದ 2003ರ ಕೊನೆಗೆ ತಯಾರಕರು ವಾಸದ ಮನೆಗಳ ಬಹುತೇಕ ಬಳಕೆಗಳಿಂದ ಅದನ್ನು ಹಿಂತೆಗೆದುಕೊಂಡರು. ಬಳಿಕ ಬಂದ ಮಿಶ್ರಣಗಳಲ್ಲಿ ತಾಮ್ರದ ಅಂಶ ಅಧಿಕ. ತಾಮ್ರ ಮತ್ತು ತೇವ ಸೇರಿದಾಗ ಸಾಧಾರಣ ಉಕ್ಕು ಬೇಗನೆ ತುಕ್ಕು ಹಿಡಿಯುತ್ತದೆ. ಆದುದರಿಂದ ಕಾಯಿಸಿದ ಸತುವಿನಲ್ಲಿ ಅದ್ದಿದ ಅಥವಾ ಸ್ಟೇನ್‌ಲೆಸ್ ಉಕ್ಕಿನ ಬೋಲ್ಟು ತಿರುಪುಗಳೇ ಬೇಕು. ವಿದ್ಯುಲ್ಲೇಪದ ತೆಳು ಸತು ಹೊಳೆಯುತ್ತದೆಯೇ ಹೊರತು ಬಾಳುವುದಿಲ್ಲ. ಅದ್ದು ಲೇಪಕ್ಕೆ ಅಲ್ಲಿನ ಖರೀದಿದಾರರು ಉಲ್ಲೇಖಿಸುವ ಮಾನಕ ಎ.ಎಸ್.ಟಿ.ಎಂ. ಎ 153.

ಬ್ರೆಜಿಲ್ ಕಡೆಯ ಇಪೇ ಎಂಬ ಗಟ್ಟಿಮರ ದೀರ್ಘಬಾಳಿಕೆಗೆ ಹೆಸರಾಗಿದೆ. 2024ರ ನವೆಂಬರ್‌ನಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಒಳಪಟ್ಟಿರುವುದರಿಂದ ಪರವಾನಗಿ ಪತ್ರಗಳಿಲ್ಲದೆ ಅದು ಗಡಿ ದಾಟುವಂತಿಲ್ಲ.

ಖರ್ಚಿನ ಲೆಕ್ಕ

ಮುಂದಿನ ಅಂಕಿಗಳು ಕಲಿಕೆಗಾಗಿ ಕಲ್ಪಿಸಿದವು, ಮಾರುಕಟ್ಟೆಯ ದರಗಳಲ್ಲ. ಸಮತಟ್ಟಾದ ನೆಲದಲ್ಲಿ ಡೆಕ್ಕಿನ ಖರ್ಚು 100, ಪ್ಯಾಟಿಯೊದ್ದು 110 ಎಂದಿರಲಿ. ಮರಕ್ಕೆ 3 ವರ್ಷಕ್ಕೊಮ್ಮೆ ತೊಳೆದು ಬಣ್ಣ ಬಳಿಯಲು 6, ಕಲ್ಲಿನ ಸಂದುಗಳಿಗೆ ಮರಳು ತುಂಬಲು 2 ಎಂದಿರಲಿ. 15 ವರ್ಷಗಳಲ್ಲಿ ಇಂಥ ಸರದಿ 5 ಬರುತ್ತವೆ. ಡೆಕ್ 130ಕ್ಕೂ ಪ್ಯಾಟಿಯೊ 120ಕ್ಕೂ ನಿಲ್ಲುತ್ತವೆ. ಮೊದಲಿಗೆ ದುಬಾರಿಯೆನಿಸಿದ್ದು ಕೊನೆಗೆ ಅಗ್ಗವಾಯಿತು.

ಈಗ ಅದೇ ಹಿತ್ತಲು ಇಳಿಜಾರಾಗಿದೆಯೆಂದು ಭಾವಿಸೋಣ. ತಡೆಗೋಡೆ ಮತ್ತು ಮಣ್ಣಿಗೆ 60, ಉದ್ದ ಕಂಬ ಮತ್ತು ಕಟಕಟೆಗೆ 25 ಸೇರಿಸಿದರೆ ಪ್ಯಾಟಿಯೊ 180, ಡೆಕ್ 155. ಮರ ಬದಲಾಗಲಿಲ್ಲ, ಕಲ್ಲು ಬದಲಾಗಲಿಲ್ಲ. ನೆಲ ಬದಲಾದುದರಿಂದ ಉತ್ತರ ತಿರುಗಿತು.

ಸರಬರಾಜುದಾರರು ಪಾಲಿಸಬೇಕಾದ ಅಂಶಗಳು

1. ದಪ್ಪ: 192 ಚದರ ಅಡಿಯ ಪ್ಯಾಟಿಯೊಗೆ 25 ಮಿಲಿಮೀಟರ್ ಗ್ರಾನೈಟ್ ಸುಮಾರು 1.2 ಟನ್, 40 ಮಿಲಿಮೀಟರ್ ಆದರೆ ಸುಮಾರು 1.9 ಟನ್. ಕಲ್ಲಿನ ಕಂಟೇನರ್ ಜಾಗದಿಂದಲ್ಲ, ತೂಕದಿಂದ ತುಂಬುತ್ತದೆ. 20 ಟನ್ ಕಲ್ಲು ತೆಳುವಾಗಿದ್ದರೆ ಸುಮಾರು 17 ಹಿತ್ತಲುಗಳಿಗೆ, ದಪ್ಪವಾಗಿದ್ದರೆ 10 ಹಿತ್ತಲುಗಳಿಗೆ ಸಾಕಾಗುತ್ತದೆ. ಈ ವ್ಯತ್ಯಾಸವೇ ವರ್ತಕನಿಗೆ ಪ್ರಲೋಭನೆ. ತೆಳುಗಲ್ಲನ್ನು ಕಾಂಕ್ರೀಟಿನ ಮೇಲೆ ಗಾರೆಯಲ್ಲಿ ಕೂರಿಸಿದರೆ ಬಾಳುತ್ತದೆ. ಮರಳಿನ ಮೇಲೆ ಹಾಸಿದರೆ ಒಡೆಯುವ ಸಂಭವವಿದೆ. ಕೆಳಗೆ ಏನಿದೆಯೆಂದು ಕೇಳದೆ ದಪ್ಪವನ್ನು ನಿಗದಿಪಡಿಸಬಾರದು.

2. ನೀರು ಹೀರುವ ಪ್ರಮಾಣ: ಎ.ಎಸ್.ಟಿ.ಎಂ. ಸಿ 97 ವಿಧಾನದಲ್ಲಿ ಪರೀಕ್ಷಿಸಿದ ವರದಿ ಇರಲಿ. ಗ್ರಾನೈಟಿನ ಮಾನಕವಾದ ಸಿ 615ರ ಪ್ರಕಾರ ಇದು ಶೇಕಡಾ 0.40 ಮೀರುವಂತಿಲ್ಲ.

3. ಮೇಲ್ಮೈ ಮತ್ತು ಬಣ್ಣ: ಹೊಳಪು ಕೊಟ್ಟ ಕಲ್ಲು ಮಳೆಯಲ್ಲಿ ಜಾರುತ್ತದೆ, ಬೆಂಕಿಯುರಿಯಿಂದ ಒರಟುಗೊಳಿಸಿದ್ದು ಸೂಕ್ತ. ಕಪ್ಪು ಕಲ್ಲು ಬೇಸಿಗೆಯಲ್ಲಿ ಬರಿಗಾಲನ್ನು ಸುಡುತ್ತದೆಂಬುದನ್ನು ಮೊದಲೇ ತಿಳಿಸುವುದು ಕ್ಷೇಮ.

4. ಪೆಟ್ಟಿಗೆ: ಕಲ್ಲು ತುಂಬುವ ಮರದ ಪೆಟ್ಟಿಗೆಗೂ ನಿಯಮವಿದೆ. ಐ.ಎಸ್.ಪಿ.ಎಂ. 15ರಂತೆ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 30 ನಿಮಿಷ ಕಾಯಬೇಕು, ಅಥವಾ ಒಪ್ಪಿತವಾದ ಬೇರೆ ಸಂಸ್ಕಾರ ಆಗಿರಬೇಕು. ಅದರ ಮುದ್ರೆಯೂ ಇರಬೇಕು. ಮುದ್ರೆಯಿಲ್ಲದ ಪೆಟ್ಟಿಗೆಯಿಂದಾಗಿ ನಿರ್ದೋಷವಾದ ಕಲ್ಲು ಬಂದರಿನಿಂದಲೇ ಹಿಂದಿರುಗಬಹುದು.

5. ಸುಂಕ: 2025ರಲ್ಲಿ ಅಮೆರಿಕದ ಆಮದು ಸುಂಕ ಒಂದಕ್ಕಿಂತ ಹೆಚ್ಚು ಬಾರಿ ಬದಲಾಯಿತು. ಬೆಲೆ ನಮೂದಿಸುವ ದಿನದ ದರವನ್ನು ಪರಿಶೀಲಿಸಿ, ವ್ಯತ್ಯಾಸವಾದರೆ ಯಾರು ಭರಿಸಬೇಕೆಂಬುದನ್ನು ಕರಾರಿನಲ್ಲಿ ಬರೆದಿಡಬೇಕು.

ಸಾರಾಂಶ

ಸಮತಟ್ಟಾದ, ನೀರು ಬಸಿದುಹೋಗುವ ನೆಲಕ್ಕೆ ಕಲ್ಲಿನ ಹಾಸು; ಇಳಿಜಾರು, ಎತ್ತರದ ಹೊಸ್ತಿಲು, ಬೇರುಗಳಿರುವ ನೆಲಕ್ಕೆ ಮರದ ಡೆಕ್. ಇದು ಸ್ಥೂಲವಾದ ಸೂತ್ರ. ಇಳಿಜಾರಿನ ಹಿತ್ತಲಿಗೆ ಕಲ್ಲು ಕೇಳಿ ಬಂದ ಬೇಡಿಕೆಯನ್ನು ಪ್ರಶ್ನೆಯಿಲ್ಲದೆ ಒಪ್ಪಿಕೊಂಡವನಿಗೆ ಒಂದು ಮಾರಾಟ ದೊರೆಯಬಹುದು. ನೆಲದ ವಿಚಾರ ಕೇಳಿ, ಅಗತ್ಯವಿದ್ದಲ್ಲಿ ಡೆಕ್ಕಿನ ಕೆಳಗಿನ ಮೆಟ್ಟಿಲು ಮತ್ತು ಕಾಲುದಾರಿಗಷ್ಟೇ ಕಲ್ಲು ಸಾಕೆಂದು ಹೇಳಿದವನಿಗೆ ಆ ಗುತ್ತಿಗೆದಾರನ ಮುಂದಿನ ಬೇಡಿಕೆಗಳೂ ಬರುತ್ತವೆ.

ಅಭ್ಯಾಸ

ಅ. 14 ಅಡಿ ಅಗಲದ ಪ್ಯಾಟಿಯೊಗೆ ಶೇಕಡಾ 2ರ ಇಳಿಜಾರಿನಂತೆ ಹೊರ ಅಂಚು ಎಷ್ಟು ತಗ್ಗಿರಬೇಕು? (ಉತ್ತರ: ಸುಮಾರು 3.4 ಅಂಗುಲ)

ಆ. 10 ಅಡಿಗೆ 12 ಅಡಿಯ ಡೆಕ್ಕಿನ ಒಟ್ಟು ಹೊರೆ ಚದರ ಅಡಿಗೆ 50 ಪೌಂಡಿನಂತೆ ಎಷ್ಟು? (ಉತ್ತರ: 6,000 ಪೌಂಡ್, ಸುಮಾರು 2,700 ಕಿಲೋ)

ಇ. ಮಿನ್ನೆಸೋಟದ ಖರೀದಿದಾರನೊಬ್ಬ 25 ಮಿಲಿಮೀಟರ್ ದಪ್ಪದ ಕಲ್ಲು ಕೇಳಿದರೆ, ಬೆಲೆ ಹೇಳುವ ಮುನ್ನ ಅವನಿಗೆ ಹಾಕಬೇಕಾದ ಮೂರು ಪ್ರಶ್ನೆಗಳು ಯಾವುವು? (ಉತ್ತರ: ನೆಲದ ಇಳಿಜಾರೆಷ್ಟು, ಕಲ್ಲಿನ ಕೆಳಗೆ ಕಾಂಕ್ರೀಟೋ ಮರಳೋ, ನೀರು ಹೀರುವ ಪ್ರಮಾಣದ ಯಾವ ಮಾನಕ ಬೇಕು)